ಬೆತ್ತದ ಬುಟ್ಟಿ

ಉಪಾಧ್ಯಾಯನ ಕೈಯಲ್ಲಿ ಬೆತ್ತವಿರುವುದು ನಮ್ಮ ದೇಶದಲ್ಲಿ ಹೊಸ ಸಂಗತಿಯೇನಲ್ಲ. ನಾನು ಚಿಕ್ಕವನಾಗಿದ್ದಾಗ ಬೆತ್ತವಿಲ್ಲದ ಮೇಷ್ಟರನ್ನು ಊಹಿಸಿಕೊಳ್ಳುವುದೇ ಕಷ್ಟವಾಗಿತ್ತು. 2009ರಲ್ಲಿ ಶಿಕ್ಷಣದ ಹಕ್ಕಿನ ಕಾಯಿದೆ ಬಂದು, ಮಕ್ಕಳನ್ನು ಹೊಡೆಯಕೂಡದೆಂದು ವಿಧಿಸಿದ ಮೇಲೆ ಬೆತ್ತ ಶಾಲೆಯ ಮೇಜಿನಿಂದ ಶಾಸ್ತ್ರೋಕ್ತವಾಗಿ ಕೆಳಗಿಳಿಯಿತು. ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ನಮಗೆ ಆ ಅಧಿಕಾರ ಎಂದೂ ಇರಲಿಲ್ಲ. ಆದರೂ ಕಳೆದ ಆರು ವರ್ಷಗಳಿಂದ ನಾನು ದಿನವೂ ಬೆತ್ತವನ್ನು ಹಿಡಿದೇ ತರಗತಿಗೆ ಹೋಗುತ್ತಿದ್ದೇನೆ. ಹುಡುಗರು ಹೆದರುವುದಿಲ್ಲ, ನಗುತ್ತಾರೆ. ಏಕೆಂದರೆ ನನ್ನ ಬೆತ್ತ ಬುಟ್ಟಿಯ ಆಕಾರದಲ್ಲಿದೆ.

ಗಾಂಧಿ ಬಜಾರಿನಲ್ಲಿ ಒಂದು ಗೌರಿಹಬ್ಬದ ಹಿಂದಿನ ಸಂಜೆ ಕೊಂಡದ್ದು. ಮೊಳದುದ್ದ, ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲ, ಮೇಲೆ ಕಮಾನಿನಂತೆ ಬಾಗಿದ ಒಂದು ಹಿಡಿ. ಬೆಳಗ್ಗೆ ಅದರಲ್ಲಿ ಪಠ್ಯಪುಸ್ತಕ, ಹಾಜರಿ ಪುಸ್ತಕ, ಊಟದ ಡಬ್ಬಿ ಹೋಗುತ್ತವೆ. ಸಂಜೆ ಬರುವಾಗ ಜಯನಗರ ನಾಲ್ಕನೆಯ ಬ್ಲಾಕಿನ ಅಂಗಡಿಗಳಿಂದ ತರಕಾರಿ ಬರುತ್ತದೆ. ಪರೀಕ್ಷೆಯ ಕಾಲದಲ್ಲಿ ಉತ್ತರಪತ್ರಿಕೆಗಳ ಕಟ್ಟು. ಒಮ್ಮೊಮ್ಮೆ ಎರಡೂ ಒಟ್ಟಿಗೆ ಕೂತು, ಯಾವ ವಿದ್ಯಾರ್ಥಿಯ ಹಳಗನ್ನಡ ವ್ಯಾಕರಣದ ಮೇಲೋ ಕೊತ್ತಂಬರಿಸೊಪ್ಪಿನ ಹಸಿರು ಮುದ್ರೆ ಬೀಳುವುದೂ ಉಂಟು. ಅಂಕಗಳಲ್ಲಿ ವ್ಯತ್ಯಾಸವಾಗದಂತೆ ನಾನು ನೋಡಿಕೊಳ್ಳುತ್ತೇನೆ.

ಬೆಂಗಳೂರಿನಲ್ಲಿ ಗಂಡಸು ಇಂಥ ಬುಟ್ಟಿ ಹಿಡಿದು ಓಡಾಡಿದರೆ ಏನೇನು ಅನ್ನಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಹಿಡಿದವನೇ ಬಲ್ಲ. ಸಹೋದ್ಯೋಗಿಗಳಲ್ಲಿ ಅರ್ಥಶಾಸ್ತ್ರದವರು “ಏನು ಸ್ವಾಮಿ, ಹಾವಾಡಿಸುವ ಉಪವೃತ್ತಿಯೂ ಇದೆಯೇ?” ಎಂದು ಕೇಳಿದರು. ನನ್ನಾಕೆ, “ಯಾರದೋ ತೋಟದಲ್ಲಿ ಪೂಜೆಗೆ ಹೂ ಕದಿಯಲು ಹೊರಟವರ ಹಾಗೆ ಕಾಣುತ್ತೀರಿ” ಎಂದಳು. ಮೆಟ್ರೋ ರೈಲಿನವರದು ಇನ್ನೊಂದು ಬಗೆ. ಜೆ.ಪಿ. ನಗರದಲ್ಲಿ ಹತ್ತಿ ನಾಲ್ಕನೆಯ ನಿಲ್ದಾಣವಾದ ಸೌತ್ ಎಂಡ್ ಸರ್ಕಲ್ಲಿನಲ್ಲಿ ನಾನು ಇಳಿಯಬೇಕು. ಹತ್ತುವ ಮೊದಲು ಎಲ್ಲರ ಚೀಲಗಳೂ ಯಂತ್ರದ ಬಾಯೊಳಗೆ ಹೊಕ್ಕು ಬರಬೇಕಷ್ಟೆ. ಮೊದಲ ದಿನ ನನ್ನ ಬುಟ್ಟಿ ಹೋದಾಗ, ಪರದೆಯ ಮುಂದೆ ಕುಳಿತಿದ್ದ ಹುಡುಗಿ ಪಟ್ಟಿಯನ್ನು ನಿಲ್ಲಿಸಿ ಮುಂದಕ್ಕೆ ಬಾಗಿ ನೋಡಿದಳು. ನಾನು ಹೆದರಿ, “ಏನಾದರೂ ತೊಂದರೆಯೇ?” ಎಂದೆ. “ಇಲ್ಲ ಸಾರ್, ಒಳಗಿನ ಹೆಣಿಗೆ ಚೆನ್ನಾಗಿ ಕಾಣಿಸ್ತಿದೆ” ಎಂದಳು. ಆ ಬುಟ್ಟಿಗೆ ಈ ನಗರದಲ್ಲಿ ದೊರೆತ ಮೊದಲ ಮೆಚ್ಚುಗೆ ಅದು.

ನನ್ನ ತಾಯಿಗೂ ಒಂದು ಕೈಚೀಲವಿತ್ತು, ಆದರೆ ಬೆತ್ತದ್ದಲ್ಲ. ಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ, ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಪ್ಲಾಸ್ಟಿಕ್ ವೈರಿನ ಬುಟ್ಟಿ ಹಾಕುತ್ತಿದ್ದರು. ಕೆಂಪು, ಹಸಿರು, ಬಿಳಿ. ನಡುನಡುವೆ ಡೈಮಂಡ್ ಎಂದು ಕರೆಯುತ್ತಿದ್ದ ಒಂದು ನಮೂನೆ. ಅದನ್ನು ಕಲಿಯಲು ಎದುರುಮನೆಯಾಕೆಯ ಬಳಿ ನಮ್ಮ ತಾಯಿ ಒಂದು ವಾರ ವಿದ್ಯಾರ್ಥಿನಿಯಂತೆ ಕುಳಿತದ್ದು ನನಗೆ ನೆನಪಿದೆ. ಆ ವೈರ್ ಬುಟ್ಟಿಗಳನ್ನು ಅಂಗಡಿಯವನು ಉಚಿತವಾಗಿ ಕೊಡುತ್ತಿದ್ದ ತೆಳು ಚೀಲ ಓಡಿಸಿತು. 2016ರಲ್ಲಿ ಕರ್ನಾಟಕ ಸರ್ಕಾರ ಆ ಚೀಲವನ್ನೂ ನಿಷೇಧಿಸಿತು. ಅಂದಿನಿಂದ ನಮ್ಮ ಬಡಾವಣೆಯ ಜನ ಮನೆಯಿಂದ ಹೊರಡುವಾಗ ಚೀಲ ಮರೆತು, ದಾರಿಯಲ್ಲಿ ನೆನೆಸಿಕೊಂಡು, ಅಂಗಡಿಯಲ್ಲಿ ಹೊಸದೊಂದನ್ನು ಕೊಂಡು, ಮನೆಯಲ್ಲಿ ಚೀಲಗಳ ರಾಶಿಯನ್ನೇ ಬೆಳೆಸಿದ್ದಾರೆ. ಬುಟ್ಟಿಗೆ ಈ ತೊಂದರೆಯಿಲ್ಲ. ಮಡಿಸಿ ಜೇಬಿಗಿಡಲು ಬರುವುದಿಲ್ಲವಾದ್ದರಿಂದ ಮರೆಯಲೂ ಬರುವುದಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಹೆಸರುಗಳು! ಬುಟ್ಟಿ, ಪುಟ್ಟಿ, ಕುಕ್ಕೆ, ಮಂಕರಿ, ಹೆಡಿಗೆ, ಗೂಡೆ. ಒಂದಕ್ಕೆ ಇನ್ನೊಂದು ಪರ್ಯಾಯವೆಂದು ನಿಘಂಟು ಹೇಳಬಹುದು, ಬಳಸಿದವರು ಒಪ್ಪುವುದಿಲ್ಲ. ಗೊಬ್ಬರದ ಮಂಕರಿಯಲ್ಲಿ ಯಾರೂ ಹೂ ತರುವುದಿಲ್ಲ. ಅಕ್ಕಿ ಕೇರುವುದಕ್ಕೆ ಮೊರ, ಕಾಳು ಸೋಸುವುದಕ್ಕೆ ಒಂದರಿ, ಕೋಳಿ ಮುಚ್ಚುವುದಕ್ಕೆ ಪಂಜರ, ಮಗು ಮಲಗುವುದಕ್ಕೆ ತೊಟ್ಟಿಲು. ಬಿದಿರು ಬೆತ್ತಗಳು ನಮ್ಮ ಹಿರಿಯರನ್ನು ಹುಟ್ಟಿದ ಹತ್ತನೆಯ ದಿನದಿಂದ ಹಿಡಿದು ಚಟ್ಟದವರೆಗೂ ಹೊತ್ತವು. ಈಗ ಪೇಟೆಯ ಮನೆಗಳಲ್ಲಿ ಉಳಿದಿರುವುದು ಮೊರವೊಂದೇ. ಅದೂ ಕೇರುವುದಕ್ಕಲ್ಲ, ಪೊಟ್ಟಣದಲ್ಲಿ ಬರುವ ಅಕ್ಕಿಯಲ್ಲಿ ಕೇರಲು ಏನಿದೆ? ಗೌರಿಹಬ್ಬದ ಬಾಗಿನಕ್ಕೆ ಮಾತ್ರ. ನಮ್ಮ ಅಜ್ಜಿ ಹೊಸ ಮೊರ ಬಂದೊಡನೆ ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯದೊಡನೆ ರುಬ್ಬಿ, ಸಂದುಗಳಿಗೆ ಬಳಿದು ಬಿಸಿಲಿಗಿಡುತ್ತಿದ್ದಳು. ಅದು ಹತ್ತು ವರ್ಷ ಬಾಳಬೇಕಾದ ಸಾಮಾನು. ನನ್ನಾಕೆ ಅರಿಸಿನ ಬಳಿದು, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಧಾನ್ಯ, ಬೆಲ್ಲ, ರವಿಕೆಯ ಕಣ ಇಟ್ಟು, ಇನ್ನೊಂದು ಮೊರ ಮುಚ್ಚಿ ಕೊಡುತ್ತಾಳೆ. ಅದು ಅರ್ಧ ದಿನ ಬಾಳಿದರೆ ಸಾಕು. ವರ್ಷದಿಂದ ವರ್ಷಕ್ಕೆ ಮೊರ ಚಿಕ್ಕದಾಗುತ್ತಾ ಬಂದು ಈಗ ಅಂಗೈಯಗಲದ ಪ್ಲಾಸ್ಟಿಕ್ ಮೊರಗಳೂ ಮಾರಾಟಕ್ಕೆ ಬಂದಿವೆ. ಗೌರಮ್ಮ ಸಹನಾಶೀಲೆ.

ಇಷ್ಟೆಲ್ಲ ನಾನು ಬಲ್ಲೆನಾದರೂ ಬುಟ್ಟಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಿರಲಿಲ್ಲ. ನೋಡುವಂತಾದದ್ದು ನನ್ನ ಒಬ್ಬ ವಿದ್ಯಾರ್ಥಿಯಿಂದ.

ಅಂದು ತರಗತಿಯಲ್ಲಿ ಮೇದರ ಕೇತಯ್ಯನ ವಚನಗಳ ಪಾಠ. ಹನ್ನೆರಡನೆಯ ಶತಮಾನದ ಶರಣ, ಬಸವಣ್ಣನವರ ಸಮಕಾಲೀನ, ‘ಗವರೇಶ್ವರ’ ಎಂಬುದು ಅವನ ಅಂಕಿತ. ಗವರ, ಗವರಿಗ ಎಂದರೆ ಮೇದರವನೇ. ಕಸುಬನ್ನೇ ದೇವರ ಹೆಸರಿನೊಳಗೆ ಸೇರಿಸಿಕೊಂಡಿದ್ದಾನೆ. ಬಿದಿರು ಕಡಿಯಲು ಹೋದಲ್ಲಿ ಬಿದಿರಿನ ಮೊನೆ ನಾಟಿ ಅವನು ಪ್ರಾಣ ಬಿಟ್ಟನೆಂದು ಶರಣರ ಕಥೆಗಳಲ್ಲಿ ಬರುತ್ತದೆ. ಕಾಯಕದ ಮಹತ್ವವನ್ನು ಕುರಿತು ನಾನು ಪ್ರತಿವರ್ಷ ಹೇಳುವಷ್ಟನ್ನು ಹೇಳಿ ಮುಗಿಸಿದೆ. ಗಂಟೆ ಬಾರಿಸಿತು. ಎಲ್ಲರೂ ಹೋದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಮೇಜಿನ ಬಳಿ ನಿಂತ. ಕೇತಯ್ಯನ ಕಾಲನಿರ್ಣಯವನ್ನು ಕೇಳಬಹುದೆಂದು ನಾನು ಸಿದ್ಧನಾದೆ. ಅವನು ತಗ್ಗಿದ ದನಿಯಲ್ಲಿ, “ಸಾರ್, ನಿಮ್ಮ ಬುಟ್ಟಿಯ ಬಾಯಿ ಸಡಿಲವಾಗಿದೆ. ಹೀಗೇ ಬಿಟ್ಟರೆ ಮಳೆಗಾಲದೊಳಗೆ ಬಿಚ್ಚಿಕೊಳ್ಳುತ್ತೆ. ಕೊಟ್ಟರೆ ಅಮ್ಮನ ಹತ್ತಿರ ಕಟ್ಟಿಸಿಕೊಂಡು ಬರ್ತೀನಿ” ಎಂದ. ಬಾಗಿಲ ಕಡೆ ಒಮ್ಮೆ ನೋಡಿಕೊಂಡ. ಸ್ನೇಹಿತರಾರೂ ಇರಲಿಲ್ಲ. ಅವನ ತೋರುಬೆರಳಿನ ಮೇಲೆ ಅಡ್ಡಡ್ಡಲಾಗಿ ಹಳೆಯ ಗಾಯದ ಬಿಳಿಗೆರೆಗಳು ನನಗೆ ಅಂದು ಮೊದಲ ಬಾರಿಗೆ ಕಂಡವು.

ನಾನು ಬುಟ್ಟಿಯನ್ನು ಕೊಡಲಿಲ್ಲ, ನಾನೇ ತರುತ್ತೇನೆಂದೆ. ಹೀಗೆ ಒಂದು ಭಾನುವಾರ ಬನಶಂಕರಿ ದೇವಸ್ಥಾನದ ಆಚೆ, ಕನಕಪುರ ರಸ್ತೆಯಿಂದ ಒಳಕ್ಕೆ ಹೊರಳುವ ಒಂದು ಓಣಿಗೆ ಹೋದೆ. ದೇವಸ್ಥಾನದ ಮುಂದೆ ರಾಹುಕಾಲದ ನಿಂಬೆಹಣ್ಣಿನ ದೀಪದವರ ಗುಂಪು. ಅದನ್ನು ದಾಟಿ ಎರಡು ತಿರುವು ಕಳೆದರೆ, ಎರಡು ಅಂತಸ್ತಿನ ಮನೆಗಳ ನಡುವೆ ಸಿಕ್ಕಿಕೊಂಡ ಹೆಂಚಿನ ಒಂದು ಮನೆ. ಗೋಡೆಗೆ ಒರಗಿಸಿದ ಹಸಿ ಬಿದಿರಿನ ಗಳಗಳು ನೆರೆಮನೆಯ ಬಾಲ್ಕನಿಗಿಂತ ಎತ್ತರ. ಹುಡುಗನ ತಾಯಿ ಜಗುಲಿಯಲ್ಲಿ ಕುಳಿತಿದ್ದರು. ಐವತ್ತರ ಹೆಂಗಸು. ಎದ್ದು ಕೈಮುಗಿದು, ಸೆರಗಿನಿಂದ ಕುರ್ಚಿ ಒರಸಿ ಹಾಕಿ, ಬುಟ್ಟಿಯನ್ನು ಕೇಳಿ ತೆಗೆದುಕೊಂಡರು. ಮೊದಲು ನೋಡಿದ್ದು ಬಾಯನ್ನಲ್ಲ. ಮಗುಚಿ ತಳವನ್ನು ನೋಡಿದರು.

“ಕನಕಪುರದ ಕಡೆಯೋರ ಕೈ ಇದು” ಎಂದರು.

“ಬೆತ್ತ ಒಳ್ಳೆಯದು ತಾನೇ, ಅಮ್ಮ?” ಎಂದೆ.

“ಬೆತ್ತ ಎಲ್ಲಿ ಬಂತು ಮೇಷ್ಟ್ರೇ? ಬಾಯಿಗೆ ಒಂದು ಸುತ್ತು, ಹಿಡಿಗೆ ಒಂದು. ಅಷ್ಟೇ ಬೆತ್ತ. ಹೊಟ್ಟೆಯೆಲ್ಲ ಬಿದಿರು.”

ಆರು ವರ್ಷ ಬೆತ್ತದ ಬುಟ್ಟಿಯೆಂದು ನಾನು ಮೆರೆಸಿದ್ದು ಮುಕ್ಕಾಲುಪಾಲು ಬಿದಿರೆಂದು ಗೊತ್ತಾದರೂ ಹೆಸರನ್ನು ಬದಲಾಯಿಸುವ ಮನಸ್ಸು ನನಗಿಲ್ಲ. ಹಿಡಿದುಕೊಳ್ಳುವ ಭಾಗದಿಂದಲೇ ಹೆಸರು ಬರುವುದು ಲೋಕರೂಢಿ.

ಅಂದು ನಾನು ಎರಡು ಗಂಟೆ ಕುಳಿತೆ. ಗಳವನ್ನು ಗೆಣ್ಣು ನೋಡಿ ತುಂಡರಿಸಿ, ಕತ್ತಿಯ ಬಾಯಿ ಕೊಟ್ಟು ಒಮ್ಮೆ ಒತ್ತಿದರೆ ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಸೀಳಿದ ದಬ್ಬೆಯನ್ನು ಮತ್ತೆ ಸೀಳಿ, ಹೊರಗಿನ ಹಸಿರು ಸಿಪ್ಪೆಯ ಪದರವನ್ನು ಒಳಗಿನ ತಿರುಳಿನಿಂದ ಬೇರೆಮಾಡಬೇಕು. ಒಂದು ಕೊನೆಯನ್ನು ಕಾಲ್ಬೆರಳ ಸಂದಿನಲ್ಲಿ ಹಿಡಿದು ಇನ್ನೊಂದು ಕೊನೆಯಿಂದ ಕತ್ತಿಯನ್ನು ತಮ್ಮ ಕಡೆಗೇ ಎಳೆದುಕೊಂಡು ಬರುತ್ತಾರೆ; ನೋಡುವವನ ಹೊಟ್ಟೆಯಲ್ಲಿ ನಡುಕ. ಸಿಪ್ಪೆಯ ಎಳೆ ಗಟ್ಟಿ, ಭಾರ ಹೊರುವ ಕಡೆಗೆ ಅದು. ತಿರುಳಿನ ಎಳೆ ಮೆದು, ಬೇಗ ಹುಳು ಹಿಡಿಯುತ್ತದೆ. ಅಗ್ಗದ ಬುಟ್ಟಿಗಳಲ್ಲೆಲ್ಲ ಅದೇ. ಬೆಳ್ದಿಂಗಳ ಪಕ್ಷದಲ್ಲಿ ಕಡಿದ ಬಿದಿರನ್ನು ಆಕೆ ಕೊಳ್ಳುವುದಿಲ್ಲ. ಅಮಾವಾಸ್ಯೆಯ ಕಡೆ ಕಡಿದದ್ದಕ್ಕೆ ಹುಳು ಕಡಿಮೆಯೆಂದು ಅವರ ಹಿರಿಯರ ಮಾತು. ಎಳೆಗಳು ನೀರಿನಲ್ಲಿ ನೆನೆದ ಮೇಲೆ ಹೆಣಿಗೆ.

ನನಗೆ ಹೊಸದಾಗಿ ಕಂಡ ವಿಷಯವೊಂದಿತ್ತು. ದುಂಡುಬುಟ್ಟಿಯಲ್ಲಿ ಎದ್ದು ನಿಲ್ಲುವ ಕಡ್ಡಿಗಳ ಸಂಖ್ಯೆ ಯಾವಾಗಲೂ ಬೆಸವಾಗಿರಬೇಕಂತೆ. ಸುತ್ತಿ ಬರುವ ಎಳೆ ಒಂದು ಕಡ್ಡಿಯ ಮುಂದೆ, ಮುಂದಿನದರ ಹಿಂದೆ ಹೀಗೆ ಹೋಗುತ್ತದಲ್ಲವೆ? ಕಡ್ಡಿಗಳು ಸರಿಸಂಖ್ಯೆಯಲ್ಲಿದ್ದರೆ ಎರಡನೆಯ ಸುತ್ತಿನಲ್ಲಿ ಎಳೆ ಮೊದಲಿನ ಹಾದಿಯನ್ನೇ ತುಳಿಯುತ್ತದೆ. ಹೆಣಿಗೆ ಬಿಗಿಯುವುದೇ ಇಲ್ಲ. ಒಂದು ಕಡ್ಡಿ ಹೆಚ್ಚಾಗಿದ್ದರೆ ಪ್ರತಿ ಸುತ್ತಿಗೂ ಮುಂದಿದ್ದದ್ದು ಹಿಂದಾಗುತ್ತದೆ. “ಜೊತೆ ಇಲ್ಲದ ಕಡ್ಡಿ ಒಂದು ಇರಬೇಕು ಸ್ವಾಮಿ, ಇಲ್ಲದಿದ್ರೆ ಬುಟ್ಟಿ ನಿಲ್ಲಲ್ಲ” ಎಂದರು ಆಕೆ. ಗಣಿತದ ಅಧ್ಯಾಪಕರಿಗೆ ಮರುದಿನ ಹೇಳಿದೆ. ಅವರು ಕಾಗದದ ಮೇಲೆ ಬರೆದು ನೋಡಿ ಸರಿಯೆಂದು ಪ್ರಮಾಣಪತ್ರ ಕೊಟ್ಟರು.

ಅದೇ ತಿಂಗಳು ಮನಿಲಾದಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗಳು ರಜೆಗೆ ಬಂದವಳು, ತನ್ನ ಅತ್ತೆಗೆಂದು ಒಂದು ಕೈಚೀಲ ತಂದಳು. ಬೆತ್ತದಿಂದ ನೇಯ್ದದ್ದು, ಜೇನಿನ ಬಣ್ಣದ ನಡುವೆ ಕಪ್ಪು ಎಳೆಗಳ ಮೆಟ್ಟಿಲು ಮೆಟ್ಟಿಲಾದ ಚಿತ್ತಾರ. ಜೊತೆಗೆ ಒಂದು ಚೀಟಿ: ಮಿಂಡೋರೊ ದ್ವೀಪದ ಮಂಗ್ಯಾನ್ ಜನರ ಕೈಕೆಲಸ ಎಂದು. ಮಂಗ್ಯಾನ್ ಎಂಬುದು ಆ ದ್ವೀಪದ ಬೆಟ್ಟಗಾಡಿನ ಎಂಟು ಪಂಗಡಗಳಿಗೆ ಒಟ್ಟಾಗಿ ಸಲ್ಲುವ ಹೆಸರು. ಅವರಲ್ಲಿ ಹನುನುವೊ ಎಂಬವರು ಏಳೇಳು ಅಕ್ಷರದ ಸಾಲುಗಳ ಅಂಬಾಹನ್ ಎಂಬ ಪದ್ಯಗಳನ್ನು ಕಟ್ಟಿ, ಚಾಕುವಿನ ಮೊನೆಯಿಂದ ಬಿದಿರಿನ ಮೇಲೆ ತಮ್ಮದೇ ಲಿಪಿಯಲ್ಲಿ ಕೊರೆಯುತ್ತಾರೆ. ಆ ಲಿಪಿಯೂ ನಮ್ಮ ಕನ್ನಡ ಲಿಪಿಯೂ ದೂರದಲ್ಲಿ ಒಂದೇ ಬ್ರಾಹ್ಮಿಯ ಸಂತಾನ. 1999ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ತನ್ನ ಜಾಗತಿಕ ಸ್ಮೃತಿಯ ಪಟ್ಟಿಗೆ ಸೇರಿಸಿತು. ಬುಟ್ಟಿ ಹೆಣೆಯುವ ಕೈಯೇ ಪದ್ಯ ಬರೆಯುವುದೆಂದರೆ ಕನ್ನಡ ಮೇಷ್ಟರಿಗೆ ಕೇತಯ್ಯನ ನೆನಪಾಗದೆ ಹೇಗಿದ್ದೀತು? ಇಂಗ್ಲಿಷಿನಲ್ಲಿ ಬೆತ್ತಕ್ಕೆ ರಟ್ಟನ್ ಎನ್ನುವುದು ಮಲಯ ಭಾಷೆಯ ರೋತಾನ್ ಎಂಬುದರಿಂದ ಬಂದದ್ದು. ಅದಕ್ಕೆ ಪ್ರತಿಯಾಗಿ ನಮ್ಮ ಭಾಷೆಯೂ ಲೋಕಕ್ಕೊಂದು ಬೆತ್ತವನ್ನು ಕೊಟ್ಟಿದೆ. ಪಶ್ಚಿಮ ಘಟ್ಟದ ನಾಗಬೆತ್ತಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಕ್ಯಾಲಮಸ್ ನಾಗಬೆತ್ತೈ. ಲ್ಯಾಟಿನ್ ವಿಭಕ್ತಿ ಹಚ್ಚಿಕೊಂಡ ಕನ್ನಡ ಪದ!

ನನ್ನಾಕೆಯ ಅಪ್ಪಣೆ ಪಡೆದು ಆ ಕೈಚೀಲವನ್ನು ಓಣಿಯ ಮನೆಗೆ ಒಯ್ದೆ. ಆ ತಾಯಿ ಕೈ ತೊಳೆದು ಒರಸಿಕೊಂಡು ಅದನ್ನು ತೆಗೆದುಕೊಂಡರು. ಈ ಸಲವೂ ಮೊದಲು ತಳ. ಆಮೇಲೆ ಒಳಗೆ ಕೈ ಹಾಕಿ, ಕಣ್ಣು ಬೇರೆಡೆ ನೆಟ್ಟು, ಬೆರಳಿನಿಂದಲೇ ಓದುವವರಂತೆ ಹೆಣಿಗೆಯನ್ನು ಸವರಿದರು. ಎಳೆ ಮುಗಿದು ಹೊಸ ಎಳೆ ಸೇರಿದ ಜಾಗ ಎಲ್ಲಿದೆಯೆಂದು ಹುಡುಕಿದರು. ಬಹಳ ಹೊತ್ತು ಸಿಕ್ಕಲಿಲ್ಲ. ಸಿಕ್ಕಾಗ ಅವರ ಮುಖದಲ್ಲಿ ಮೂಡಿದ ನಗೆಯನ್ನು ನಾನು ಯಾವ ವಿಮರ್ಶಕನ ಮುಖದಲ್ಲೂ ಕಂಡವನಲ್ಲ. ಮಗನನ್ನು ಕರೆದು ತೋರಿಸಿದರು: “ನೋಡು, ಕದ್ದಿದ್ದಾರೆ! ಕಪ್ಪಿನ ಹಿಂದೆ ಬಚ್ಚಿಟ್ಟಿದ್ದಾರೆ.”

ನಾನು ಆ ಜನರ ಪದ್ಯದ ವಿಷಯ, ಲಿಪಿಯ ವಿಷಯ ಎಲ್ಲ ಹೇಳಿದೆ. ಸೌಜನ್ಯಕ್ಕಾಗಿ ತಲೆದೂಗಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ:

“ಅವರಿಗೆ ಬೆತ್ತ ಯಾರು ಕೊಡ್ತಾರೆ ಮೇಷ್ಟ್ರೇ?”

ವಾಚಕ ಮಹಾಶಯರೇ, ಒಂದು ಕೈಚೀಲವನ್ನು ಕಂಡಾಗ ಬಣ್ಣ ಚೆನ್ನಾಗಿದೆಯೇ, ಬೆಲೆ ಎಷ್ಟು, ಎಲ್ಲಿ ಸಿಕ್ಕಿತು ಎಂದು ನಾವೆಲ್ಲ ಕೇಳುತ್ತೇವೆ. ನಮ್ಮ ಮನೆಗೆ ಬಂದ ಹತ್ತು ಮಂದಿ ಹೆಂಗಸರೂ ಅದನ್ನೇ ಕೇಳಿದ್ದರು. ಬುಟ್ಟಿ ಹೆಣೆದು ಬದುಕುವವರ ಪ್ರಶ್ನೆ ಬೇರೆ. ಅದರ ಹಿಂದೆ ಎಷ್ಟು ವರ್ಷಗಳ ಚರಿತ್ರೆ ಇದೆ ಎಂಬುದು ನನಗೆ ಸ್ವಲ್ಪ ಓದಿಕೊಂಡ ಮೇಲೆ ತಿಳಿಯಿತು.

ಬಿದಿರು ಹುಲ್ಲಿನ ಜಾತಿಗೆ ಸೇರಿದ್ದೆಂದು ಶಾಲೆಯ ಹುಡುಗನೂ ಬಲ್ಲ. ಆದರೆ 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ‘ಮರ’ ಎಂಬ ಮಾತಿನ ಅರ್ಥದೊಳಗೆ ಬಿದಿರನ್ನೂ ಸೇರಿಸಿದ್ದರು. ಮರವೆಂದ ಮೇಲೆ ಕಡಿಯಲು ಅಪ್ಪಣೆ, ಸಾಗಿಸಲು ರಹದಾರಿ. ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲವೆಂದು ಆ ಅರ್ಥವನ್ನು ತಿದ್ದಿದ್ದು 2017ರಲ್ಲಿ. ಒಂದು ಪದದ ಅರ್ಥ ಸರಿಪಡಿಸಲು ತೊಂಬತ್ತು ವರ್ಷ! ನಿಘಂಟುಕಾರರನ್ನು ನಿಧಾನದವರೆಂದು ಹಳಿಯುವವರು ಇದನ್ನು ಗಮನಿಸಬೇಕು.

ಕಾನೂನಿಗಿಂತ ಹೆಚ್ಚಾಗಿ ಬಿದಿರನ್ನು ತಿಂದದ್ದು ಕಾಗದ. ಭದ್ರಾವತಿಯಲ್ಲಿ 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ದಾಂಡೇಲಿಯಲ್ಲಿ ಐವತ್ತರ ದಶಕದಲ್ಲಿ ಇನ್ನೊಂದು. ದಾಂಡೇಲಿಗೆ ಉತ್ತರ ಕನ್ನಡದ ಕಾಡುಗಳ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡುವ ಏರ್ಪಾಡಾಗಿತ್ತು. ಬುಟ್ಟಿ ಹೆಣೆಯುವವರು ಪೇಟೆಯ ದರಕ್ಕೆ ಕೊಳ್ಳಬೇಕಾಗಿತ್ತು. ಆ ಎರಡು ದರಗಳನ್ನು ಒಂದೇ ತಕ್ಕಡಿಯಲ್ಲಿಡುವುದು ಸಾಧ್ಯವಿರಲಿಲ್ಲ. ಬಿದಿರೇ ಸಿಗದಂತಾದಾಗ ಅವರು ದೂರಿಕೊಂಡರು. ಎಪ್ಪತ್ತರ ದಶಕದ ನಡುವೆ ಸರ್ಕಾರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಅಧ್ಯಯನಕ್ಕೆ ನೇಮಿಸಿತು. ಆ ಅಧ್ಯಯನದಲ್ಲಿ ನನಗೆ ಮರೆಯಲಾಗದ ಒಂದು ಸಂಗತಿ ಬರುತ್ತದೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಗಳ ದಟ್ಟ ಹೊದಿಕೆ ಇರುತ್ತದೆ. ಕಡಿಯಲು ಅಡ್ಡಿಯೆಂದು, ಬೆಳೆಯಲೂ ಅಡ್ಡಿಯೆಂದು, ಅದನ್ನು ಸವರಿ ಹಾಕುವುದು ಕಾರ್ಖಾನೆಯವರ ಪದ್ಧತಿಯಾಗಿತ್ತು. ಅರಣ್ಯ ಇಲಾಖೆಯವರಿಗೂ ಅದು ಒಪ್ಪಿಗೆ. ಮುಳ್ಳು ತೆಗೆದರೆ ಮೆಳೆ ಉಳಿಯುವುದಿಲ್ಲವೆಂದು ಹಳ್ಳಿಯವರು ಹೇಳುತ್ತಲೇ ಇದ್ದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು: ಮುಳ್ಳಿನ ಮರೆ ತಪ್ಪಿದ ಕೂಡಲೇ ಎಳೆಯ ಕಳಲೆಯನ್ನು ದನವೂ ಮುಸುವವೂ ಮುಳ್ಳುಹಂದಿಯೂ ತಿಂದುಹಾಕುತ್ತಿದ್ದವು.

ಇದನ್ನೋದಿದ ರಾತ್ರಿ ನನ್ನ ಬುಟ್ಟಿ ಮೇಜಿನ ಮೇಲಿತ್ತು, ಅದರೊಳಗೆ ಎಂಬತ್ತು ಉತ್ತರಪತ್ರಿಕೆಗಳು. ಹೊರಗೂ ಬಿದಿರು, ಒಳಗೂ ಒಂದು ಕಾಲಕ್ಕೆ ಬಿದಿರಿನಿಂದಲೇ ಆಗುತ್ತಿದ್ದ ಕಾಗದ. ಮೇದರ ಮಗ ಬುಟ್ಟಿ ಬಿಟ್ಟು ಕಾಗದವನ್ನು ಹಿಡಿದದ್ದರಲ್ಲಿ ಆಶ್ಚರ್ಯಪಡುವುದೇನಿದೆ?

ಬೆತ್ತಕ್ಕೆ ಮರ್ಯಾದೆ ತಪ್ಪದ ಒಂದು ಜಾಗವನ್ನೂ ಇಲ್ಲಿ ಹೇಳಬೇಕು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಬ್ರಹ್ಮರಥವನ್ನು ಮಲೆಕುಡಿಯರು ಕಾಡಿನಿಂದ ತಂದ ಬಿದಿರು ಬೆತ್ತಗಳಿಂದ, ಹಗ್ಗವಿಲ್ಲದೆ ಕಟ್ಟುತ್ತಾರೆ. ಎಳೆಯುವುದೂ ಬೆತ್ತದಿಂದಲೇ. ತೇರು ನಿಂತ ಮೇಲೆ ಆ ಬೆತ್ತದ ತುಂಡನ್ನು ಭಕ್ತರು ಪ್ರಸಾದವೆಂದು ಒಯ್ದು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಹಾವಿನ ಭಯವಿಲ್ಲವೆಂದು ನಂಬಿಕೆ. ನಮ್ಮ ದೇವರ ಗೂಡಿನಲ್ಲೂ ಗೇಣುದ್ದದ್ದು ಒಂದಿದೆ. ಮೂರನೆಯ ಅಂತಸ್ತಿಗೆ ಹಾವು ಹೇಗೂ ಬರಲಾರದು.

ಹುಡುಗನ ತಾಯಿಗೆ ಇದಾವುದೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವರ ತವರು ರಾಮನಗರದ ಕಡೆ. ಅಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಅವರ ತಂದೆ ಮಾಡುತ್ತಿದ್ದರಂತೆ: ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಹರಿದ ಬಿದಿರ ಪಟ್ಟಿ. ಅದಕ್ಕೂ ಪ್ಲಾಸ್ಟಿಕ್ಕಿನದು ಬಂತು. ಬುಟ್ಟಿಯ ಲೆಕ್ಕವನ್ನು ಆಕೆ ನನಗೆ ಬಾಯಲ್ಲೇ ಹೇಳಿದರು. ಬಿದಿರಿಗೆ ಇಷ್ಟು, ಲಾರ‍ಿಯಿಂದ ಇಳಿಸಿ ತರುವ ಕೂಲಿ ಇಷ್ಟು, ಬೆತ್ತ ಅಸ್ಸಾಮಿನ ಕಡೆಯಿಂದ ಬರುವುದರಿಂದ ಅದಕ್ಕಿಷ್ಟು, ನನ್ನದರಂಥ ಬುಟ್ಟಿಗೆ ಒಂದೂವರೆ ದಿನ. ಕಳೆದು ಉಳಿಯುವುದು ಮನೆಗೆಲಸಕ್ಕೆ ಹೋಗುವ ನೆರೆಯವಳ ದಿನದ ಗಳಿಕೆಗಿಂತ ಕಡಿಮೆ. “ಅದರ ಮೇಲೆ ಗಾಂಧಿ ಬಜಾರಲ್ಲಿ ಕಾರಿಂದ ಇಳಿದೋರು ಅರ್ಧಕ್ಕೆ ಕೇಳ್ತಾರೆ” ಎಂದು ನಕ್ಕರು. ನಾನು ಬಸ್ಸಿನಿಂದ ಇಳಿದು ಕೇಳಿದವನಾದ್ದರಿಂದ ಸುಮ್ಮನಿದ್ದೆ.

ಕಲೆ ಉಳಿಯಬೇಕೆಂದು ನಮ್ಮ ಊರಿನಲ್ಲಿ ಆಗಾಗ ಸಭೆ ನಡೆಯುತ್ತದೆ. ಉಳಿಸಬೇಕೆನ್ನುವವರಾರೂ ತಮ್ಮ ಮಗನನ್ನು ಬಿದಿರು ಸೀಳಲು ಕಳುಹಿಸಿದ್ದನ್ನು ನಾನು ಕೇಳಿಲ್ಲ. ಉಳಿಸುವ ಭಾರವೆಲ್ಲ ಮೇದರ ಮಗನದೇ. ನನಗೂ ಈ ಬುಟ್ಟಿ ಹೋದರೆ ಇನ್ನೊಂದು ಬೇಕು. ನಾನು ಪಾಠ ಹೇಳಿದ ಹುಡುಗ ಬ್ಯಾಂಕಿನ ತಣ್ಣನೆಯ ಕೋಣೆಯಲ್ಲಿ ಕೂರುವುದನ್ನೂ ನೋಡಬೇಕು. ಎರಡೂ ಆಸೆಗಳನ್ನು ಒಂದೇ ಬುಟ್ಟಿಯಲ್ಲಿ ಹೊತ್ತು ತಿರುಗುತ್ತಿದ್ದೇನೆ. ಆ ತಾಯಿಗೆ ಇಂಥ ತೊಡಕಿಲ್ಲ. “ನನ್ನ ಕೈಗೇ ಇದು ಮುಗೀಲಿ ಸ್ವಾಮಿ” ಎಂದು ಅವರು ಕತ್ತಿಯಿಂದ ಕಣ್ಣೆತ್ತದೆ ಹೇಳಿದರು. ಹುಡುಗ ಮಾತ್ರ ಏನೂ ಹೇಳಲಿಲ್ಲ. ಅವನು ಓದುತ್ತಿರುವುದು ಬ್ಯಾಂಕಿನ ಗುಮಾಸ್ತೆ ಪರೀಕ್ಷೆಗೆ. ಆದರೂ ಗೌರಿಹಬ್ಬಕ್ಕೆ ಮುಂಚಿನ ಹತ್ತು ದಿನ ತರಗತಿಗೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಆ ದಿನಗಳ ಎದುರು ಗೈರುಹಾಜರಿ ಹಾಕುತ್ತೇನೆ. ಮನೆಯಲ್ಲಿ ಅವನು ಮಾಡಿದ ಮೊರದಲ್ಲೇ ಬಾಗಿನ ಕೊಡುತ್ತೇವೆ.

ಕೊನೆಯ ಸಲ ನಾನು ಅಲ್ಲಿಗೆ ಹೋದದ್ದು ಮಿಂಡೋರೊ ಚೀಲವನ್ನು ವಾಪಸು ತರಲು. ಒಂದು ವಾರ ಇಟ್ಟುಕೊಳ್ಳುತ್ತೇನೆಂದು ಆಕೆ ಕೇಳಿ ಪಡೆದಿದ್ದರು. ಹಿಡಿಯನ್ನು ಬಾಯಿಗೆ ಕೂಡಿಸಿದ ಬಗೆ ಅವರಿಗೆ ಮನಸ್ಸಿಗೆ ಬಂದಿತ್ತು. ನಾನು ಹೋದಾಗ ಜಗುಲಿಯ ಮೇಲೆ ಹುಡುಗ ಕುಳಿತಿದ್ದ. ಅವನ ಮಂಡಿಗಳ ನಡುವೆ ನಮ್ಮ ಬಿದಿರಿನ ಹೊಸ ಬುಟ್ಟಿಯೊಂದು, ಅದಕ್ಕೆ ಆ ದ್ವೀಪದವರ ರೀತಿಯ ಹಿಡಿ. ಬಾಯಿ ಕಟ್ಟುವ ಕೆಲಸ ಅರ್ಧವಾಗಿತ್ತು. ಪರೀಕ್ಷೆ ಮುಂದಿನ ಭಾನುವಾರ. “ಏಳೋ, ಎದ್ದು ಓದು ಹೋಗು” ಎಂದು ತಾಯಿ ಗದರುತ್ತಿದ್ದರು.

“ನೆನೆದ ಬೆತ್ತ ಅಮ್ಮ, ಒಣಗಿದರೆ ಮುರಿಯುತ್ತೆ. ಬಾಯಿ ಮುಗಿಯೋವರೆಗೂ ಏಳೋ ಹಾಗಿಲ್ಲ.”

ಅದು ತಪ್ಪೆನ್ನಲು ಆಕೆಗೂ ಆಗಲಿಲ್ಲ. ಒಳಗೆ ಹೋಗಿ ಸಾಮಾನ್ಯಜ್ಞಾನದ ದಪ್ಪ ಕೈಪಿಡಿಯನ್ನು ತಂದು ನನ್ನ ಕೈಗೆ ಕೊಟ್ಟು, “ನೀವಾದರೂ ಕೇಳಿ ಮೇಷ್ಟ್ರೇ, ಅವನು ಹೇಳ್ಲಿ. ಕೈಗೆ ತಾನೇ ಕೆಲಸ, ಬಾಯಿಗೇನು?” ಎಂದರು.

ನಾನು ಕನ್ನಡಕ ಹಾಕಿಕೊಂಡು ತೆರೆದ ಪುಟದಿಂದಲೇ ಶುರುಮಾಡಿದೆ. ಕಾವೇರಿಯ ಉಪನದಿಗಳು ಯಾವುವು? ಅವನು ಬೆತ್ತದ ತುದಿಯನ್ನು ಹೆಣಿಗೆಯ ಸಂದಿಗೆ ತೂರಿಸಿ, ಹಲ್ಲು ಕಚ್ಚಿ ಎಳೆದು, ಒಂದೊಂದು ಸುತ್ತಿಗೆ ಒಂದೊಂದರಂತೆ ಹೇಳತೊಡಗಿದ: ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಪಿಲಾ, ಅರ್ಕಾವತಿ. ಇನ್ನೊಂದು ಇದೆ ಎಂದೆ. ಅವನು ತಲೆಯೆತ್ತದೆ, “ತಾಳಿ ಸಾರ್, ಇನ್ನೊಂದು ಸುತ್ತು ಇದೆ” ಎಂದ.